ಇಪ್ಪತ್ತೇಳನೆಯ ಆಟದ ತಾರೀಕು

ಚಿತ್ರದುರ್ಗ,
ವಿರೋಧಿಕೃತ್ ಸಂವತ್ಸರ, ಕಾರ್ತಿಕ ಬಹುಳ, ಗುರುವಾರ
(9ನೇ ನವೆಂಬರ್ 1911)

ಹಿರಿಯೂರಿನಲ್ಲಿರುವ ಭಾವ ಮುರುಗೇಶಪ್ಪನವರಿಗೆ, ಹೊಳಲ್ಕೆರೆಯ ಪಂಚಾಕ್ಷರಪ್ಪ ತಲೆಬಾಗಿ ಮಾಡುವ ಶರಣಾರ್ಥಿ.

ಲಕೋಟೆಯ ಮೇಲಿನ ಅಕ್ಷರದ ಗುರುತು ಹಿಡಿದು, ಇದನ್ನು ಒಡೆಯದೆ ಮೂಲೆಗೆ ಎಸೆಯುವ ಮನಸ್ಸು ನಿಮಗೆ ಬಂದಿರಬಹುದು. ಒಡೆದು ಇಲ್ಲಿಯವರೆಗೆ ಓದಿದ್ದೀರಿ ಎಂದರೆ ನೀವು ನನಗಿಂತ ಒಳ್ಳೆಯವರು. ಕಾಗದವನ್ನು ಒಡೆಯದೆ ಇಡುವುದು ಎಂಥ ಕೆಟ್ಟ ಕೆಲಸವೆಂದು ನನಗೆ ಈ ವಾರವಷ್ಟೇ ತಿಳಿಯಿತು. ಅದನ್ನು ಕಡೆಯಲ್ಲಿ ಹೇಳುತ್ತೇನೆ, ಧೈರ್ಯ ಬಂದರೆ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಹೆಸರಿಗೆ ಮಸಿ ಬಳಿಯುವಂಥ ಒಂದು ಪುಟ ನಿನ್ನೆ ಮಧ್ಯಾಹ್ನ ಈ ಊರಿನ ಅಚ್ಚುಕೂಟದಲ್ಲಿ ಮುನ್ನೂರು ಪ್ರತಿ ಅಚ್ಚಾಗಬೇಕಿತ್ತು. ಆಗಲಿಲ್ಲ. ಅದನ್ನು ಬರೆದವನು ನಾನು, ನಿಲ್ಲಿಸಿದವನೂ ನಾನೇ. ನಿನ್ನೆ ಎರಡು ಗಂಟೆಯಿಂದ ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಿದೆ. ರಾತ್ರಿ ಮಠದಲ್ಲಿ ಮೂರು ರೊಟ್ಟಿ ಉಂಡು ಮಗುವಿನ ಹಾಗೆ ಮಲಗಿದೆ. ಈಗ ಅಚ್ಚುಕೂಟದ ಜಗಲಿಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಯಂತ್ರ ತಿರುಗುತ್ತಿದೆ. ತಿದ್ದಿದ ಪುಟ ಒಂದೊಂದಾಗಿ ಹೊರಬರುತ್ತಿದೆ.

ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯ ಜಗಲಿಯಲ್ಲಿ ಅಪ್ಪನ ಕಾಲದಿಂದ ನಡೆದ ಚದುರಂಗದ ಆಟಗಳಲ್ಲಿ ನಲವತ್ತನ್ನು ಆರಿಸಿ, ಪ್ರತಿ ನಡೆಗೂ ಟಿಪ್ಪಣಿ ಬರೆದು ಪುಸ್ತಕ ಮಾಡಿದ್ದೇನೆ. ಎಲ್ಲವೂ ಕಾಯಿ ಬಲಿಕೊಟ್ಟು ಮೇಲೆಬಿದ್ದು ಗೆದ್ದ ಆಟಗಳೇ. ಕಾಲೆಳೆದುಕೊಂಡು ಗೆದ್ದದ್ದು ಒಂದೂ ಇಲ್ಲ. ಈ ಕೆಲಸಕ್ಕೆ ಕೈಹಾಕಿದ್ದು ಸಿಟ್ಟಿನಿಂದ, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದ ಕೆಳಗೆ ಈ ದುರ್ಗದ ವಾಚನಾಲಯದಲ್ಲಿ ಇಬ್ಬರು ಎಳೆಯ ವಕೀಲರು ಇಂಗ್ಲಿಷ್ ಆಟದ ಪುಸ್ತಕವೊಂದನ್ನು ಮುಂದೆ ಹರಡಿಕೊಂಡು, ಮಂತ್ರಿಯನ್ನು ಬಲಿಕೊಟ್ಟು ಗೆಲ್ಲುವ ವಿದ್ಯೆ ಬಿಳಿಯರದು, ನಮ್ಮವರು ಪದಾತಿ ಒಂದು ಸತ್ತರೂ ಅಳುತ್ತಾರೆ, ನಮ್ಮಲ್ಲಿ ರಾಜ ಕುದುರೆಯ ಹಾಗೆ ಜಿಗಿಯುವುದು ದನ ಕಾಯುವವರ ಆಟ ಎಂದು ನಕ್ಕರು. ನಾನು ಅಲ್ಲಿಯೇ ಕುಳಿತಿದ್ದೆ. ಇಪ್ಪತ್ತೆಂಟು ವರ್ಷ ಉಪಾಧ್ಯಾಯಗಿರಿ ಮಾಡಿದವನಿಗೆ ಅಂಥ ನಗು ಸಹಿಸಲಾಗುವುದಿಲ್ಲ. ಆ ರಾಜನ ಜಿಗಿತವನ್ನು ಸಮರ್ಥಿಸಿ ಪೀಠಿಕೆಯಲ್ಲಿ ಆರು ಪುಟ ಬರೆದೆ. ಬಿಕ್ಕಟ್ಟಿನಲ್ಲಿ ಒಂದೇ ಒಂದು ಸಲ ಗೋಡೆ ಹಾರುವ ಹಕ್ಕು ಎಂಥ ಅರಸನಿಗೂ ಇರಬೇಕು ಎಂದು ಬರೆದೆ. ನೋಡಿ, ಅದೇ ಪುಸ್ತಕದ ಇಪ್ಪತ್ತೇಳನೆಯ ಆಟದಲ್ಲಿ, ರಾಜನನ್ನು ಜಿಗಿಸಿದ್ದಕ್ಕೆ ನಿಮ್ಮನ್ನು ಸುಳ್ಳುಗಾರ ಎಂದು ಕರೆದೆ.

ಆ ಆಟ ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ನಡೆಗಳನ್ನು ಇಲ್ಲಿ ಬರೆಯುತ್ತೇನೆ. ಅಂದಿನಿಂದ ನೀವು ಕಾಯಿ ಮುಟ್ಟಿಲ್ಲವೆಂದು ಕೇಳಿದ್ದೇನೆ. ಅಲ್ಲದೆ ಈ ಕಾಗದವನ್ನು ಸರ್ವಮಂಗಳೆಯ ಮಕ್ಕಳೂ ಓದಲಿ, ಅವರ ಸೋದರಮಾವ ಎಲ್ಲಿ ಎಡವಿದನೆಂದು ತಿಳಿಯಲಿ ಎಂಬ ಆಸೆ ನನಗಿದೆ.

ಈ ಜಿಗಿತದ ಬಗ್ಗೆ ನಮ್ಮ ಜಗಲಿಯ ನಿಯಮ ಎರಡೇ ಮಾತಿನದು. ರಾಜನಿಗೆ ಮೊಟ್ಟಮೊದಲು ಶಹ ಬಿದ್ದಾಗ, ಎಂದರೆ ಎದುರಾಳಿಯ ಕಾಯಿ ಅವನ ಮೇಲೆ ನೇರ ಬಂದಾಗ, ಅವನು ಒಂದು ಸಲ ಕುದುರೆಯ ಹಾಗೆ ಜಿಗಿದು ಪಾರಾಗಬಹುದು. ಆ ಮೊದಲ ಶಹಕ್ಕೆ ಜಿಗಿಯದೆ ಬೇರೆ ದಾರಿ ಹಿಡಿದರೆ ಹಕ್ಕು ಅಲ್ಲಿಗೆ ತೀರಿತು, ಮುಂದೆ ಎಷ್ಟು ಶಹ ಬಿದ್ದರೂ ಅವನು ನಡೆಯಬೇಕೇ ಹೊರತು ಹಾರುವಂತಿಲ್ಲ.

ಹದಿನಾಲ್ಕನೆಯ ನಡೆಯಲ್ಲಿ ನಾನು ಕುದುರೆಯನ್ನು ನಿಮ್ಮ ಪದಾತಿಯ ಬಾಯಿಗೆ ಇಟ್ಟೆ. ಅಲ್ಲಿಂದ ಅದು ನಿಮ್ಮ ರಾಜನಿಗೆ ಶಹ ಕೊಡುತ್ತಿತ್ತು. ನೀವು ಪುಕ್ಕಟೆ ಕುದುರೆ ಸಿಕ್ಕಿತೆಂದು ಪದಾತಿಯಿಂದ ಹೊಡೆದಿರಿ. ಯಾರಾದರೂ ಹೊಡೆಯುತ್ತಿದ್ದರು. ಆದರೆ ನಾನು ಆ ಕುದುರೆಯನ್ನು ಕೊಟ್ಟದ್ದು ಒಂದೇ ಕಾರಣಕ್ಕೆ: ನಿಮ್ಮ ರಾಜನ ಜಿಗಿತವನ್ನು ಮುಗಿಸಿಬಿಡುವುದಕ್ಕೆ. ಇನ್ನು ಅವನು ಕುಂಟ ಎಂದು ಮನಸ್ಸಿನಲ್ಲೇ ನಕ್ಕೆ. ಹತ್ತೊಂಬತ್ತನೆಯ ನಡೆಯಲ್ಲಿ ಆನೆಯನ್ನು ಕೊಟ್ಟೆ. ನಿಮ್ಮ ಒಂಟೆ ಅದನ್ನು ಹೊಡೆದು, ನಿಮ್ಮ ರಾಜ ಓಡಬೇಕಾದ ಮನೆಯಲ್ಲಿ ತಾನೇ ಕುಳಿತಿತು. ಇಪ್ಪತ್ತೆರಡನೆಯ ನಡೆಯಲ್ಲಿ ಮಂತ್ರಿಯನ್ನೇ ಕೊಟ್ಟೆ. ನಿಮ್ಮ ಆನೆ ಅದರ ಆಸೆಗೆ ಕಾವಲು ಬಿಟ್ಟು ಹೋಯಿತು. ಇಷ್ಟು ಕೊಟ್ಟರೂ ನಡುವೆ ಒಂದು ಸಲವೂ ಶಹ ಕೊಡಲಿಲ್ಲ. ಕಡೆಗೆ ನನ್ನ ಪದಾತಿ ಒಂದು ಹೆಜ್ಜೆ ಮುಂದಿಟ್ಟಿತು. ರಾಜ ಕಟ್ಟುಬಿದ್ದ. ಬಡ ಪದಾತಿಯಿಂದ ರಾಜನನ್ನು ಕಟ್ಟುವುದಕ್ಕಿಂತ ದೊಡ್ಡ ಗೆಲುವು ನಮ್ಮ ಕಡೆ ಇಲ್ಲ. ಅಷ್ಟು ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಪೂಜೆ ಮುಗಿಸಿ ಬಂದು ಮತ್ತೆ ಹಲಗೆಯ ಮುಂದೆ ಕುಳಿತಿದ್ದೆ. ಆ ಪದಾತಿಯನ್ನು ಇಟ್ಟು ‘ಶಹ’ ಎಂದು ನಾನು ಕೂಗಿದ್ದು ಬೀದಿಯ ಆ ತುದಿಗೆ ಕೇಳಿಸಿತಂತೆ.

ನೀವು ಸ್ವಲ್ಪ ಹೊತ್ತು ನೋಡಿದಿರಿ. ಆಮೇಲೆ ರಾಜನನ್ನು ಎತ್ತಿ, ಕುದುರೆಯ ಹಾಗೆ ಜಿಗಿಸಿ, ನನ್ನ ಸೇನೆಯ ಆಚೆಗೆ ಇಟ್ಟಿರಿ.

ಅಲ್ಲಿಂದ ಮುಂದೆ ನಡೆದದ್ದನ್ನು ನನ್ನ ಮನಸ್ಸು ಒಂದು ಅಕ್ಷರ ಬಿಡದೆ ಇಟ್ಟುಕೊಂಡಿತ್ತು. ಈ ರಾಜ ಜಿಗಿಯೋ ಹಂಗಿಲ್ಲ, ಹದಿನಾಲ್ಕನೆಯ ನಡೆಗೇ ಶಹ ಬಿದ್ದಿದೆ ಎಂದೆ. ನೀವು ತಲೆ ಎತ್ತದೆ ಹೇಳಿದಿರಿ:

“ನೀನು ಶಹ ಅಂದಿದ್ದು ನನ್ನ ಕಿವಿಗೆ ಬಿದ್ದಿಲ್ಲ, ಪಂಚಾಕ್ಷರಿ. ಬಿದ್ದಿದ್ರೆ ಜಿಗಿಸ್ತಿರಲಿಲ್ಲ.”

ಜಗಲಿಯಲ್ಲಿದ್ದ ಎಣ್ಣೆ ಅಂಗಡಿ ತಿಪ್ಪಯ್ಯನವರನ್ನೂ, ನಡೆಗಳನ್ನು ಕಡತಕ್ಕೆ ಇಳಿಸುತ್ತಿದ್ದ ನಮ್ಮ ಗುಮಾಸ್ತೆ ಏಕಾಂತಪ್ಪನನ್ನೂ ಕೇಳಿದೆ. ಇಬ್ಬರೂ ಶಹ ಕೊಟ್ಟದ್ದು ಹೌದು, ನಾವು ಕೇಳಿಸಿಕೊಂಡೆವು ಎಂದರು. ಇಬ್ಬರು ಸಾಕ್ಷಿ ಸಿಕ್ಕಮೇಲೆ ನನ್ನ ಬಾಯಿಗೆ ಅಂಕೆಯಿರಲಿಲ್ಲ. ಹಿರಿಯೂರಿನವರಿಗೆ ಸೋಲುವ ಹೊತ್ತಿಗೆ ಸರಿಯಾಗಿ ಕಿವಿ ಮಂದವಾಗುತ್ತದೆ ಎಂದೆ. ಆಮೇಲೆ ಸುಳ್ಳ ಎಂದೆ. ಮನೆಯ ಅಳಿಯನಿಗೆ, ಹೆಂಗಸರು ಬಾಗಿಲಲ್ಲಿ ನಿಂತಿರುವಾಗ. ನೀವು ಕೆಳಗೆ ಬಿದ್ದಿದ್ದ ನನ್ನ ಮಂತ್ರಿಯನ್ನು ಎತ್ತಿ ಹಲಗೆಯ ಪಕ್ಕದಲ್ಲಿಟ್ಟು, ಒಳಗೆ ತಿರುಗಿ ಸರ್ವಮಂಗಳೆಗೆ, “ಗಂಟು ಕಟ್ಟು, ಹೋಗಾಣ” ಎಂದಿರಿ. ಶ್ರಾವಣಕ್ಕೆಂದು ತವರಿಗೆ ಬಂದ ಮಗಳು ಬೆಳಗಾಗುತ್ತಲೇ ಗಾಡಿ ಹತ್ತಿದಳು. ಹತ್ತೊಂಬತ್ತು ವರ್ಷದಲ್ಲಿ ಮತ್ತೆ ಹೊಸಿಲು ದಾಟಿ ಬಂದದ್ದು ಅವ್ವ ತೀರಿಕೊಂಡಾಗ, ಒಂದೇ ದಿನಕ್ಕೆ. ನೀವು ಅಂದೂ ಬೀದಿಯಲ್ಲೇ ನಿಂತಿದ್ದಿರಿ.

ನನ್ನ ಜ್ಞಾಪಕಶಕ್ತಿಯನ್ನು ತಾಲ್ಲೂಕಿನಲ್ಲೆಲ್ಲ ಹೊಗಳುತ್ತಾರೆ. ಎಷ್ಟನೆಯ ಇಸವಿಯಲ್ಲಿ ಯಾವ ಅಮಲ್ದಾರರು ಯಾವ ಕೆರೆಯ ತೂಬು ರಿಪೇರಿ ಮಾಡಿಸುತ್ತೇನೆಂದು ಮಾತು ಕೊಟ್ಟು ತಪ್ಪಿದರೆಂದು ನನ್ನನ್ನೇ ಕೇಳುತ್ತಾರೆ. ಹಾಗಾಗಿ ಮೂವತ್ತೊಂಬತ್ತು ಆಟಗಳನ್ನು ಕಡತ ನೋಡಿ ಬರೆದವನು ಇಪ್ಪತ್ತೇಳನೆಯದನ್ನು ಮಾತ್ರ ನೆನಪಿನಿಂದಲೇ ಬರೆದೆ. ಅದರ ಕಡತವನ್ನು ಆ ವರ್ಷವೇ ಅಟ್ಟಕ್ಕೆ ಎಸೆದಿದ್ದೆ, ಮತ್ತೆ ಮುಟ್ಟಿರಲಿಲ್ಲ. ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೆ, ನಾಚಿಕೆಯಿಂದ ನಕಲು ಮಾಡುತ್ತೇನೆ: ‘ಈ ಬಲಿದಾನ ಸರಣಿಗೆ ಉತ್ತರವಿಲ್ಲ. ಎದುರಾಳಿಯಾದ ಹಿರಿಯೂರಿನ ಮುರುಗೇಶಪ್ಪನವರು ಬಿದ್ದ ಶಹವನ್ನು ಬಿದ್ದಿಲ್ಲವೆಂದು ಸುಳ್ಳು ಹೇಳಿ ರಾಜನನ್ನು ಜಿಗಿಸಿದರು. ಇಂಥ ಸುಳ್ಳುಗಾರರಿಂದ ಆಟಕ್ಕೆ ಅಪಕೀರ್ತಿ.’ ಮುನ್ನೂರು ಪ್ರತಿ. ಹಿರಿಯೂರಿನ ಪೇಟೆಯಲ್ಲಿ ಹತ್ತು ಪ್ರತಿ ಬಿದ್ದಿದ್ದರೂ ನಿಮ್ಮ ಮಕ್ಕಳು ಅದನ್ನು ಓದುತ್ತಿದ್ದರು.

ಕಾಪಾಡಿದವನು ಈ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಒಬ್ಬ ಆಳು. ಹೆಸರು ಮುನಿಯಪ್ಪ. ಮಂಗಳವಾರ ಬೆಳಿಗ್ಗೆ ಅವನಿಂದ ಒಂದು ಕಾರ್ಡು ಬಂತು. ಎಲ್ಲಾ ಆಟಕ್ಕೂ ನೆತ್ತಿಯ ಮೇಲೆ ತಾರೀಕು ಇದೆ, ಇಪ್ಪತ್ತೇಳಕ್ಕೆ ಇಲ್ಲ, ಜಾಗ ಬಿಟ್ಟಿದ್ದೇನೆ, ಬುಧವಾರ ಮಧ್ಯಾಹ್ನ ಯಂತ್ರಕ್ಕೆ ಹಾಕುತ್ತಾರೆ, ಅಷ್ಟರೊಳಗೆ ತಿಳಿಸದಿದ್ದರೆ ಹಾಗೆಯೇ ಹೋಗುತ್ತದೆ ಎಂದು. ನನಗೆ ಸಿಟ್ಟು ಬಂತು. ತಾರೀಕು ಇಲ್ಲದಿದ್ದರೆ ಆಟ ಸುಳ್ಳಾಗುತ್ತದೆಯೇ ಎಂದು ಮಗಳು ಶಿವಗಂಗೆಯ ಮೇಲೆ ರೇಗಿದೆ. ಅವಳು, ಬೇರೆಯವರ ಸುಳ್ಳಿಗೆ ಪುಸ್ತಕದಾಗೆ ಜಾಗ ಕೊಟ್ಟೀಯ, ತಾರೀಕಿಗೆ ಯಾಕಪ್ಪ ಕೊಡಲ್ಲ ಎಂದಳು. ಏಣಿ ಇಟ್ಟು ಅಟ್ಟ ಹತ್ತಿದೆ.

ಕಡತ ಸಿಕ್ಕಿತು. ಕಪ್ಪು ಬಟ್ಟೆಯ ಮಡಿಕೆಗಳನ್ನು ಇಲಿ ಒಂದು ಕಡೆ ತಿಂದಿತ್ತು. ಬಳಪದ ಅಕ್ಷರ ಮಾತ್ರ ನಿನ್ನೆ ಬರೆದ ಹಾಗಿತ್ತು. ಏಕಾಂತಪ್ಪನ ಕೈಬರಹ ನಿಮಗೆ ಗೊತ್ತು, ಪದಾತಿಗಳು ಸಾಲಾಗಿ ನಿಂತ ಹಾಗೆ. ತಲೆಯಲ್ಲಿ ಬರೆದಿದ್ದ: ‘ನಂದನ ಸಂವತ್ಸರ, ಶ್ರಾವಣ ಬಹುಳ, ಸೋಮವಾರ.’ ಸೋಮವಾರ ಎಂಬುದನ್ನು ಕಂಡೊಡನೆ ನನಗೆ ಎಲ್ಲವೂ ಹೊಳೆಯಿತು.

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಆ ಮೊದಲು ನಮ್ಮ ಎರಡು ಕೂಸುಗಳು ಉಳಿದಿರಲಿಲ್ಲ. ಮುಂದಿನದಾದರೂ ಉಳಿಯಲಿ ಎಂದು ಐದು ವರ್ಷ ಶ್ರಾವಣ ಸೋಮವಾರಗಳಲ್ಲಿ ಮೌನವಿರುತ್ತೇನೆಂದು ಹರಸಿಕೊಂಡಿದ್ದೆ. ಹೊತ್ತು ಹುಟ್ಟಿದಾಗಿನಿಂದ ಸಂಜೆಯ ಲಿಂಗಪೂಜೆ ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ. ಆದರೆ ಜಗಲಿಯ ಆಟ ಬಿಟ್ಟಿರಲಿಲ್ಲ. ಬಾಯಿಗೆ ಮಾತ್ರ ವ್ರತ, ಕೈಗೆ ಇಲ್ಲವಲ್ಲ ಎಂದು ಅವ್ವ ಹಂಗಿಸುತ್ತಿದ್ದಳು. ಆ ಸೋಮವಾರಗಳಲ್ಲಿ ಶಹ ಕೊಡುವಾಗ ನಾನು ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ಬಡಿಯುತ್ತಿದ್ದೆ. ಹೊಳಲ್ಕೆರೆಯ ನಮ್ಮ ಗುಂಪಿಗೆ ಅದು ಅಭ್ಯಾಸವಾಗಿಹೋಗಿತ್ತು. ಹಿರಿಯೂರಿನಿಂದ ಹಿಂದಿನ ದಿನವಷ್ಟೇ ಬಂದಿದ್ದ ನಿಮಗೆ ಯಾರು ಹೇಳಬೇಕು? ನಾನು ಮಾತಾಡದೆ ಕುಳಿತದ್ದು ಕೂಡ ಬಿಂಕದಿಂದ ಎಂದು ನೀವು ತಿಳಿದಿರಬಹುದು.

ಆದರೂ ಮನಸ್ಸು ಒಪ್ಪಲಿಲ್ಲ, ಭಾವ. ಹದಿನಾಲ್ಕನೆಯ ನಡೆಗೆ ನಾನು ‘ಶಹ’ ಎಂದ ದನಿ ಹತ್ತೊಂಬತ್ತು ವರ್ಷದಿಂದ ನನ್ನ ಕಿವಿಯಲ್ಲೇ ಇದೆ. ಸಂಜೆ ಕೂಗಿದ ದನಿಯನ್ನು ತಂದು ಮಧ್ಯಾಹ್ನದ ಕುದುರೆಗೆ ಜೋಡಿಸಿದ್ದೆನೋ ಏನೋ. ಪರೀಕ್ಷೆ ಮಾಡಿಯೇ ಬಿಡೋಣವೆಂದು ತಿಪ್ಪಯ್ಯನವರ ಮನೆಗೆ ಹೋದೆ. ಏಕಾಂತಪ್ಪ ಈಗಿಲ್ಲ. ತಿಪ್ಪಯ್ಯನವರಿಗೆ ಎಂಬತ್ತರ ಹತ್ತಿರ. ಹಲ್ಲು ಒಂದೂ ಇಲ್ಲ, ಕಿವಿ ಕಣ್ಣು ಚೆನ್ನಾಗಿವೆ. ಬಿಸಿಲಿಗೆ ಕುಳಿತು ಕಡಲೆ ಪುಡಿ ಮೆಲ್ಲುತ್ತಿದ್ದರು. ಬಾರಪ್ಪ, ಕುಂತ್ಕ ಎಂದರು. ಅವರು ನನ್ನನ್ನು ಇನ್ನೂ ಹುಡುಗನ ಹಾಗೆಯೇ ಕರೆಯುತ್ತಾರೆ. ಅಂದಿನ ಆಟ ಜ್ಞಾಪಕವಿದೆಯೇ ಎಂದೆ. ಮನೆ ಮುರಿದ ಆಟ ಮರೆಯಾಕಾಗ್ತದ ಎಂದರು. ನಾನು ಕುದುರೆ ಇಟ್ಟು ಶಹ ಎಂದದ್ದನ್ನು ನೀವು ಕೇಳಿಸಿಕೊಂಡಿರಾ ಎಂದು ಕೇಳಿದೆ.

“ಯಾಕೆ ಕೇಳಿಸಲಿಲ್ಲ? ಟಕ್ ಟಕ್ ಅಂತ ಎರಡು ಸಲ ಬಡಿದೆ.”

ಬಡಿದದ್ದಲ್ಲ, ಬಾಯಲ್ಲಿ ಅಂದದ್ದು ಎಂದೆ.

“ಬಾಯಲ್ಲಿ ಹೆಂಗೆ ಅಂತೀಯಪ್ಪ, ನೀನು ಮೌನಿ ಅಲ್ವ ಅವತ್ತು?”

ಹಾಗಾದರೆ ಅಂದು ಭಾವನ ಮುಂದೆ ಕೇಳಿಸಿತು ಎಂದು ಯಾಕೆ ಹೇಳಿದಿರಿ ಎಂದು ಕೇಳುವಾಗ ನನ್ನ ದನಿ ಏರಿತು. ಅವರು ನನ್ನನ್ನು ಬುದ್ಧಿ ಕೆಟ್ಟವನನ್ನು ನೋಡುವ ಹಾಗೆ ನೋಡಿದರು.

“ನೀನು ಶಹ ಕೊಟ್ಟೆನೋ ಇಲ್ವೋ ಅಂತ ಕೇಳ್ದೆ, ಕೊಟ್ಟ ಅಂದ್ವಿ. ಹೆಂಗೆ ಕೊಟ್ಟ ಅಂತ ಯಾರು ಕೇಳಿದ್ರು?”

ಅಲ್ಲಿಯೇ ಅವರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟೆ. ಅಂದು ಜಗಲಿಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ನೀವು ಕೇಳಿಸಲಿಲ್ಲ ಎಂದದ್ದು ನಿಜ, ಅವರು ಕೇಳಿಸಿತು ಎಂದದ್ದೂ ನಿಜ. ಸುಳ್ಳಾಗಿದ್ದದ್ದು ನನ್ನ ನೆನಪು ಒಂದೇ. ಮನೆಗೆ ಬಂದು ನನ್ನ ಪುಸ್ತಕದ ಕರಡು ತೆಗೆದು ನೋಡಿದರೆ, ನಿಯಮಗಳ ಪುಟದಲ್ಲಿ ನಾಲ್ಕನೆಯದಾಗಿ ನಾನೇ ಬರೆದಿದ್ದೆ: ‘ಶಹವನ್ನು ಬಾಯಿಬಿಟ್ಟು ಹೇಳತಕ್ಕದ್ದು. ಹೇಳದ ಶಹ ಶಹವೇ ಅಲ್ಲ.’ ಅಪ್ಪ ಹಾಕಿಕೊಟ್ಟ ನಿಯಮ. ಅದರ ಪ್ರಕಾರ ನಿಮ್ಮ ರಾಜನಿಗೆ ಮೊದಲ ಶಹ ಬಿದ್ದದ್ದು ಕಡೆಯ ಪದಾತಿಯಿಂದ. ಅವನು ಜಿಗಿದದ್ದು ನ್ಯಾಯ. ನನ್ನ ಕುದುರೆ ಸುಮ್ಮನೆ ಸತ್ತಿತು.

ತಂತಿ ಕೊಟ್ಟರೆ ಅರ್ಥವಾಗುವ ವಿಷಯವಲ್ಲ. ಬುಧವಾರ ಹೊತ್ತು ಹುಟ್ಟುವ ಮುಂಚೆ ಜಂಪಣ್ಣನ ಗಾಡಿ ಕಟ್ಟಿಸಿದೆ. ಇಪ್ಪತ್ತು ಮೈಲಿ. ಹೊಳಲ್ಕೆರೆಯಿಂದ ದುರ್ಗದ ರಸ್ತೆಗೆ ಜಲ್ಲಿ ಹಾಕುತ್ತೇವೆಂದು ಹೋದ ವರ್ಷವೇ ಹೇಳಿದವರು ಒಂದು ಬುಟ್ಟಿ ಕೂಡ ಹಾಕಿಲ್ಲ. ಆ ಗುಂಡಿಗಳ ಲೆಕ್ಕ ನನ್ನ ಬೆನ್ನಿನಲ್ಲಿದೆ, ಇದರ ಮೇಲೆ ಬೇರೆಯೇ ಅರ್ಜಿ ಬರೆಯುವವನಿದ್ದೇನೆ. ಹೊತ್ತು ನೆತ್ತಿಗೆ ಬರುತ್ತಿದ್ದ ಹಾಗೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಜಂಪಣ್ಣ ದಾರಿಯ ಬಾವಿಯ ಹತ್ತಿರ ಎತ್ತು ಬಿಟ್ಟಾಗ ಬೇಗ, ಬೇಗ ಎಂದೆ. ಏನು ಅವಸರವೆಂದು ಅವನು ಕೇಳಿದ. ಹೇಳಿದೆ. ಎಲ್ಲವನ್ನೂ ಹೇಳಿದೆ, ಗಾಡಿ ಹೊಡೆಯುವವನಿಗೆ ಹೇಳಿದಷ್ಟು ಸುಲಭವಾಗಿ ನಿಮಗೆ ಹೇಳಲಾಗುತ್ತಿಲ್ಲ. ಅವನು ಬಾನಿಯಲ್ಲಿ ನೀರು ಸುರಿಯುತ್ತಾ, “ಹತ್ತೊಂಬತ್ತು ವರ್ಷ ಕಾದೋರಿಗೆ ನನ್ನ ಎತ್ತು ನೀರು ಕುಡಿಯೋ ತನಕ ಕಾಯಾಕಾಗಲ್ವ, ಸ್ವಾಮಿ?” ಎಂದ.

ಅಚ್ಚುಕೂಟದ ಬೀದಿಗೆ ತಿರುಗಿದಾಗ ಯಂತ್ರದ ಸದ್ದು ಕೇಳಿಸಿತು. ಧಡಲ್, ಧಡಲ್ ಎಂದು. ಗಾಡಿ ನಿಲ್ಲುವ ಮೊದಲೇ ಇಳಿದೆ, ಮೊಣಕಾಲು ತರಚಿತು. ಒಳಗೆ ಹೋಗಿ ಹಾಳೆಯೊಂದನ್ನು ಕಸಿದುಕೊಂಡೆ. ಶಾಯಿ ಇನ್ನೂ ಹಸಿ, ಹೆಬ್ಬೆರಳಿಗೆ ಅಂಟಿತು. ಓದಿದೆ. ಐಮಂಗಲದ ಯಾರೋ ಒಬ್ಬರ ಮಗನ ಮದುವೆಯ ಲಗ್ನಪತ್ರಿಕೆ. ಅವರು ಯಾರೋ ನನಗೆ ಗೊತ್ತಿಲ್ಲ, ಆ ದಂಪತಿ ನೂರು ಕಾಲ ಚೆನ್ನಾಗಿರಲಿ ಎಂದು ಅಲ್ಲಿಯೇ ನಿಂತು ಹರಸಿದೆ.

ಮುನಿಯಪ್ಪ ಮೂಲೆಯಲ್ಲಿ ಮೊಳೆಯ ಪೆಟ್ಟಿಗೆಯ ಮುಂದೆ ನಿಂತಿದ್ದ. ತೆಳ್ಳಗಿನ ಆಳು, ಮೂಗಿನ ತುದಿಯಲ್ಲಿ ಕನ್ನಡಕ. ಇಪ್ಪತ್ತೇಳು ಎಂದು ಮಾತ್ರ ನನ್ನ ಬಾಯಿಂದ ಬಂತು. ಅದು ಇಲ್ಲೇ ಅದೆ, ತಾರೀಕು ಬರಲಿ ಅಂತ ಕಾದೆ ಎಂದ. ಮಾಲೀಕರು ಹಾಕು ಎಂದರಂತೆ. ಈ ಮೇಷ್ಟರ ಪುಸ್ತಕದಾಗೆ ಒಂದು ಕಡೆ ಜಾಗ ಖಾಲಿ ಬಿಟ್ಟರೆ ಆಮೇಲೆ ಊರಿಗೆಲ್ಲ ಅರ್ಜಿ ಬರೀತಾರೆ, ಒಂದೆರಡು ತಾಸು ತಾಳ್ರಿ ಎಂದು ಇವನು ಲಗ್ನಪತ್ರಿಕೆಯನ್ನು ಮುಂದೆ ಮಾಡಿದನಂತೆ. ನನ್ನ ಜಗಳಗಂಟತನ ಜನ್ಮದಲ್ಲಿ ಒಂದು ಸಲ ನನಗೇ ಉಪಕಾರಕ್ಕೆ ಬಂತು.

ಬಿಚ್ಚು ಎಂದೆ. ಅವನು ಟಿಪ್ಪಣಿಯ ಸಾಲುಗಳನ್ನು ಸಡಿಲಿಸಿ, ‘ಸುಳ್ಳುಗಾರ’ ಎಂಬುದರ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ಹಾಕಿದ. ಟಿಣ್ ಟಿಣ್ ಎಂದು ಬೀಳುತ್ತಿತ್ತು. ನಿಮ್ಮ ಪುಸ್ತಕದಾಗೆ ಸತ್ತಷ್ಟು ಕುದುರೆ ಯಾವ ಕಾಳಗದಾಗೂ ಸತ್ತಿರಲಿಕ್ಕಿಲ್ಲ ಎಂದು ನಗೆಯಾಡಿದ. ನಾನೂ ನಕ್ಕೆ. ಎಷ್ಟು ಹೊತ್ತು ನಕ್ಕೆನೆಂದರೆ ಮಾಲೀಕರು ಒಳಗಿನಿಂದ ಬಂದು ನೀರು ಕೊಡಿಸಿದರು.

ಹೊಸ ಟಿಪ್ಪಣಿಯನ್ನು ಅಲ್ಲಿಯೇ ನಿಂತು ಹೇಳಿದೆ, ಅವನು ಹೇಳಿದ ಹಾಗೆ ಜೋಡಿಸಿದ. ಅದರ ಒಂದು ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ. ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಯೇ ನೋಡಿ:

‘ಇಪ್ಪತ್ತೇಳನೆಯ ಆಟ. ನಂದನ ಶ್ರಾವಣ ಬಹುಳ ಸೋಮವಾರ. ಹದಿನಾಲ್ಕನೆಯ ನಡೆಯಲ್ಲಿ ಕುದುರೆಯ ಬಲಿ. ಇದರ ಉದ್ದೇಶ ಎದುರು ರಾಜನ ಜಿಗಿತವನ್ನು ಕಳೆಯುವುದು. ಆದರೆ ಈ ಬಲಿ ಕೊಟ್ಟವನು ಶಹವನ್ನು ಬಾಯಿಬಿಟ್ಟು ಹೇಳಲಿಲ್ಲ, ತನ್ನ ಊರಿನವರಿಗೆ ಮಾತ್ರ ತಿಳಿದ ರೀತಿಯಲ್ಲಿ ಹಲಗೆ ಬಡಿದ. ನಮ್ಮ ನಾಲ್ಕನೆಯ ನಿಯಮದಂತೆ ಅದು ಶಹವಲ್ಲ. ಮುರುಗೇಶಪ್ಪನವರು ಕಡೆಯಲ್ಲಿ ರಾಜನನ್ನು ಜಿಗಿಸಿದ್ದು ಸರಿ. ಆನೆ, ಕುದುರೆ, ಮಂತ್ರಿ ಕಳೆದುಕೊಂಡವನಿಗೆ ಮುಂದೆ ಆಡಲು ಏನೂ ಉಳಿದಿರಲಿಲ್ಲ. ಗೆದ್ದವರು ಹಿರಿಯೂರಿನ ಮುರುಗೇಶಪ್ಪನವರು. ಸೋತವನು ಈ ಪುಸ್ತಕದ ಕರ್ತೃ. ಸೋತ ಮೇಲೆ ಆಡಿದ ಮಾತುಗಳಿಗೂ ಅವನೇ ಹೊಣೆ.’

ಕಡೆಯ ವಾಕ್ಯ ಆಟದ ಟಿಪ್ಪಣಿಗೆ ಸೇರಿದ್ದಲ್ಲವಲ್ಲ, ತೆಗೆಯಲೇ ಎಂದು ಮುನಿಯಪ್ಪ ಕೇಳಿದ. ಬೇಡ, ಇರಲಿ ಎಂದೆ.

ನಾನು ಬಲಿಕೊಟ್ಟ ಕ್ರಮ ಮಾತ್ರ ಇಂದಿಗೂ ಚೆನ್ನಾಗಿಯೇ ಇದೆ, ಭಾವ. ಅದನ್ನು ಬಿಟ್ಟುಕೊಡಲಾರೆ. ಬಾಯಿ ಬಿಟ್ಟಿದ್ದರೆ ನೀವು ಸೋಲುತ್ತಿದ್ದಿರಿ. ಆದರೆ ಬಾಯಿ ಬಿಡಬೇಕಾದಾಗ ಮುಚ್ಚಿಕೊಂಡು, ಮುಚ್ಚಿಕೊಳ್ಳಬೇಕಾದಾಗ ಬಿಟ್ಟೆ. ಆ ಹರಕೆಯ ಮಗಳು ಶಿವಗಂಗೆ ಮುಂದಿನ ವರ್ಷ ಹುಟ್ಟಿದಳು, ಉಳಿದಳು. ಈಗ ಹದಿನೆಂಟು. ಅತ್ತೆಯ ಮುಖವನ್ನು ಅವಳು ಕಂಡದ್ದು ಒಂದೇ ದಿನ, ಅದೂ ಸಾವಿನ ಮನೆಯಲ್ಲಿ. ನನ್ನ ಮನೆಯ ದೀಪಕ್ಕೆಂದು ಇದ್ದ ಮೌನ ನನ್ನ ತಂಗಿಯನ್ನು ಮನೆಯಿಂದ ಆಚೆ ಕಳಿಸಿತು. ಇದನ್ನು ಯಾವ ಟಿಪ್ಪಣಿಯಲ್ಲಿ ಬರೆಯಲಿ?

ನೀವು ಕ್ಷಮಿಸಿದಿರೆಂದು ನಾನು ಹಿಡಿದುಕೊಂಡಿಲ್ಲ. ಕ್ಷಮಿಸಬೇಕೆಂಬ ಒತ್ತಾಯವೂ ಇಲ್ಲ. ಕೇಳುವುದು ಇಷ್ಟೇ. ಕಾರ್ತಿಕದ ಕಡೆಯ ಸೋಮವಾರ ಇದೇ ತಿಂಗಳು ಇಪ್ಪತ್ತಕ್ಕೆ ಬೀಳುತ್ತದೆ. ಸರ್ವಮಂಗಳೆಯನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಜಂಪಣ್ಣನ ಗಾಡಿಯನ್ನು ಶನಿವಾರಕ್ಕೇ ಹಿರಿಯೂರು ಮುಟ್ಟುವ ಹಾಗೆ ಕಳಿಸುತ್ತೇನೆ. ಬರುವುದಿಲ್ಲವೆಂದರೆ ಅವನನ್ನು ಹಾಗೆಯೇ ಹಿಂದಕ್ಕೆ ಕಳಿಸಿ, ಬೇರೆ ಕಾಗದ ಬೇಡ, ನನಗೆ ತಿಳಿಯುತ್ತದೆ. ಬಂದರೆ ಹಲಗೆ ಒರೆಸಿ ಇಟ್ಟಿರುತ್ತೇನೆ. ಸೋಮವಾರವಾದರೂ ಅಂದು ಇಡೀ ದಿನ ಮಾತಾಡುತ್ತೇನೆ. ನೀವು ಸಾಕು ಎನ್ನುವ ತನಕ.

ಕೈ ಶಾಯಿಯಾಗಿದೆ, ಅಕ್ಷರ ಕೆಟ್ಟಿದ್ದರೆ ಮನ್ನಿಸಿ.

ಹಿರಿಯರಿಗೆ ಶರಣು, ಮಕ್ಕಳಿಗೆ ಹರಕೆ,

ನಿಮ್ಮ ಹೆಂಡತಿಯ ಅಣ್ಣ,
ಪಂಚಾಕ್ಷರಪ್ಪ

ಮತ್ತೆ: ಅಂಟು ಹಚ್ಚುವ ಮೊದಲು ಮೇಲಿನದನ್ನು ಓದಿದೆ. ಒಂದು ಕಡೆ ಸುಳ್ಳು ಬರೆದಿದ್ದೇನೆ. ಸೋಮವಾರ ಎಂಬುದನ್ನು ಕಂಡೊಡನೆ ಹೊಳೆಯಿತು ಎಂದೆ. ಹೊಳೆಯಲಿಲ್ಲ. ತಾರೀಕನ್ನು ನೋಡಿ, ಕಾರ್ಡಿಗೆ ಉತ್ತರ ಬರೆಯಲು ಹೊರಟಿದ್ದೆ. ಕಡತ ಮಡಿಸುವಾಗ ಮಡಿಕೆಯಿಂದ ಒಂದು ಲಕೋಟೆ ಬಿತ್ತು. ಹಿರಿಯೂರಿನ ಟಪಾಲು ಮುದ್ರೆ, ಸರ್ವಮಂಗಳೆಯ ಅಕ್ಷರ. ಅಂದು ನೀವು ಹೊರಟುಹೋಗಿ ಒಂದು ವಾರಕ್ಕೆ ಬಂದದ್ದು. ಸಿಟ್ಟಿನಲ್ಲಿ ಒಡೆಯದೆ ಕಡತಕ್ಕೆ ತುರುಕಿ ಅಟ್ಟಕ್ಕೆ ಎಸೆದಿದ್ದೆ. ಅವ್ವ ತೀರಿಕೊಂಡು ಅವಳು ಬಂದ ದಿನ, ನನ್ನ ಕಾಗದ ಬಂತೇನಣ್ಣ ಎಂದು ಕೇಳಿದ್ದಳು. ಬಂತು ಎಂದೆ, ಅಷ್ಟೇ. ಮತ್ತೆ ಅವಳು ಕೇಳಲಿಲ್ಲ. ಮಂಗಳವಾರ ಅಟ್ಟದ ಮೇಲೆಯೇ ಕುಳಿತು ಒಡೆದೆ. ನಾಲ್ಕು ಸಾಲು:

‘ಅಣ್ಣಾ, ಅವತ್ತು ಸೋಮವಾರ ಅಲ್ವಾ? ನೀನು ಬಾಯೇ ಬಿಟ್ಟಿಲ್ಲ, ಹಲಗೆ ಬಡಿದೆ, ನನಗೆ ಒಳಗೆ ಕೇಳಿಸ್ತು. ಇವರಿಗೆ ಅದು ಗೊತ್ತಿಲ್ಲ. ನಾನು ಹೇಳಿದರೆ ತವರಿನ ಕಡೆ ಮಾತಾಡ್ತೀಯ ಅಂತಾರೆ. ನೀನೇ ಒಂದು ಮಾತು ಬರೆದು ಹಾಕು, ನಾವು ಗೌರಿ ಹಬ್ಬಕ್ಕೆ ಬರ್ತೀವಿ.’

ಈ ಹಾಳೆಯನ್ನು ಅವಳ ಕೈಗೆ ಕೊಡಿ. ಅವಳ ಪ್ರಶ್ನೆಗೆ ನನ್ನ ಉತ್ತರ: ಹೌದು ತಂಗಿ, ಅವತ್ತು ಸೋಮವಾರವೇ.